ಚರ್ಚೆ: ಆತಿಥೇಯ ಮನೆಯವರು ಏನೂ ಹೇಳುವುದಿಲ್ಲ, ಆದರೂ ಏನೋ ಸರಿಯಿಲ್ಲ ಅನ್ನಿಸುತ್ತಿದೆ

ಹೊಸ ಹೆಜ್ಜೆ:
ಎಲ್ಲರಿಗೂ ನಮಸ್ಕಾರ. ನನಗೆ ಹದಿನೇಳು ವರ್ಷ. ಒಂದು ಶೈಕ್ಷಣಿಕ ವರ್ಷದ ವಿನಿಮಯ ಕಾರ್ಯಕ್ರಮದಲ್ಲಿ ಬೇರೆ ದೇಶಕ್ಕೆ ಬಂದು ಅಲ್ಲಿನ ಕುಟುಂಬವೊಂದರ ಜೊತೆ ವಾಸವಾಗಿದ್ದೇನೆ. ಈಗ ಎರಡನೇ ತಿಂಗಳು ನಡೆಯುತ್ತಿದೆ. ಮನೆಯಲ್ಲಿ ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗ ಮತ್ತು ಹದಿಮೂರು ವರ್ಷದ ಮಗಳು ಇದ್ದಾರೆ. ಮಗಳ ಕೋಣೆಯನ್ನು ನನಗೆ ಕೊಟ್ಟಿದ್ದಾರೆ. ಯಾರೂ ನನ್ನನ್ನು ಗದರಿಲ್ಲ, ಯಾವುದಕ್ಕೂ ಕೊರತೆ ಮಾಡಿಲ್ಲ.

ಮೊದಲ ವಾರಗಳಲ್ಲಿ ಎಲ್ಲಿಗೆ ಹೊರಟರೂ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು, ರಾತ್ರಿ ಬಹಳ ಹೊತ್ತು ಕೂತು ಮಾತಾಡುತ್ತಿದ್ದರು. ಈಗ ಅದು ಕಡಿಮೆಯಾಗಿದೆ. ಆತಿಥೇಯ ತಾಯಿ ಮೊದಲಿನಷ್ಟು ಮಾತಾಡುವುದಿಲ್ಲ. ಊಟವಾದ ಮೇಲೆ ತಟ್ಟೆ ತೊಳೆಯಲು ಹೋದರೆ "ಇರಲಿ, ಬಿಡು" ಎನ್ನುತ್ತಾರೆ, ಬಿಟ್ಟು ಬಂದರೆ ಬೇಸರವಾದಂತೆ ಕಾಣುತ್ತದೆ. ಶಾಲೆಯಲ್ಲಿ ದಿನವಿಡೀ ಪರಭಾಷೆ ಕೇಳಿ ತಲೆ ನೋಯುವುದರಿಂದ ನಾನು ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡು ಮಲಗುತ್ತೇನೆ, ಆಮೇಲೆ ಊರಿಗೆ ಫೋನ್ ಮಾಡುತ್ತೇನೆ. ಮೈ ಹುಷಾರಿಲ್ಲವೇ ಎಂದು ಅವರು ಆಗಾಗ ಕೇಳಿದ್ದಾರೆ.

ಅವರಿಗೆ ನನ್ನ ಮೇಲೆ ಅಸಮಾಧಾನವಿದೆಯೇ ಎಂದು ನೇರವಾಗಿ ಕೇಳಬಹುದೇ? ನಮ್ಮನ್ನು ನೋಡಿಕೊಳ್ಳಲು ಕಾರ್ಯಕ್ರಮದವರು ನೇಮಿಸಿರುವ ಸಂಯೋಜಕರಿಗೆ ಹೇಳಿದರೆ ಚಾಡಿ ಹೇಳಿದ ಹಾಗಾಗುತ್ತದೆಯೇ? ಮನೆ ಬದಲಾಯಿಸಿಕೊಳ್ಳುವ ಯೋಚನೆಯೂ ಒಂದೆರಡು ಸಲ ಬಂದಿದೆ. ಅನುಭವಿಗಳು ದಯವಿಟ್ಟು ತಿಳಿಸಿ.

ನೇರಮಾತು:
ಕೇಳಿಬಿಡಿ. ಅವರ ಮುಖ ನೋಡಿ ಅರ್ಥ ಹುಡುಕುತ್ತಾ ಕೂತರೆ ವರ್ಷ ಪೂರ್ತಿ ಅದೇ ಕೆಲಸವಾಗುತ್ತದೆ.

ಹೊಸ್ತಿಲು:
ನಾನು ಆತಿಥೇಯ ತಾಯಿಯಾಗಿದ್ದವಳು, ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ದೇಶದ ಮಕ್ಕಳು ನಮ್ಮ ಮನೆಯಲ್ಲಿ ಇದ್ದು ಹೋಗಿದ್ದಾರೆ. ಆದ್ದರಿಂದ ಬಾಗಿಲಿನ ಆಚೆ ಕಡೆಯಿಂದ ಇದು ಹೇಗೆ ಕಾಣುತ್ತದೆ ಎಂಬುದನ್ನು ಹೇಳುತ್ತೇನೆ.

ಮೊದಲ ತಿಂಗಳು ಯಾರಿಗೂ ನಿಜವಾದ ದಿನಚರಿಯಲ್ಲ, ತಂಗಿ. ವಿದ್ಯಾರ್ಥಿ ಬರುತ್ತಾಳೆಂದು ಮನೆಯವರು ರಜೆ ಹಾಕಿರುತ್ತಾರೆ, ಉಳಿದ ಕೆಲಸಗಳನ್ನು ಮುಂದೂಡಿರುತ್ತಾರೆ, ತಮ್ಮತಮ್ಮಲ್ಲಿನ ಜಗಳಗಳನ್ನು ಕೂಡ ಬಾಗಿಲು ಮುಚ್ಚಿ ಆಡಿರುತ್ತಾರೆ. ಎರಡನೇ ತಿಂಗಳಿಗೆ ಬಾಕಿ ಉಳಿದ ಕೆಲಸವೆಲ್ಲ ಒಟ್ಟಿಗೆ ಮೇಲೆ ಬೀಳುತ್ತದೆ. ಆಗ ಮನೆಯವರು ಸುಮ್ಮನಾಗುವುದು ನಿಮ್ಮ ಮೇಲಿನ ಸಿಟ್ಟಿನಿಂದಲೇ ಎಂದುಕೊಳ್ಳಬೇಕಾಗಿಲ್ಲ; ನೀವು ಇನ್ನು ಉಪಚಾರ ಬೇಕಾದವರಲ್ಲ ಎಂದು ಅವರು ಭಾವಿಸಿದ್ದಾರೆ ಎಂದೂ ಅರ್ಥವಿರಬಹುದು.

ಆದರೆ ಮುಚ್ಚಿದ ಬಾಗಿಲು ನಮ್ಮನ್ನು ಕಾಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಮಗೂ ತರಬೇತಿ ಇರುತ್ತದೆ; ಮಗುವನ್ನು ಒತ್ತಾಯಿಸಬೇಡಿ, ಅದರ ಪಾಡಿಗೆ ಅದಕ್ಕೆ ಸಮಯ ಕೊಡಿ ಎಂದು ಅಲ್ಲಿ ಹೇಳಿಕೊಟ್ಟಿರುತ್ತಾರೆ. ಹೀಗಾಗಿ ನಾವು ಬಾಗಿಲು ತಟ್ಟಲು ಹಿಂಜರಿಯುತ್ತೇವೆ, ನೀವು ಹೊರಬರಲು ಹಿಂಜರಿಯುತ್ತೀರಿ, ಎರಡೂ ಕಡೆಯವರು ಮರ್ಯಾದೆಯಿಂದ ನಡೆದುಕೊಂಡೇ ದೂರವಾಗುತ್ತಾ ಹೋಗುತ್ತಾರೆ. ಶಾಲೆಯಿಂದ ಬಂದ ತಕ್ಷಣ ಮಲಗುವುದು ತಪ್ಪಲ್ಲ. "ನನಗೆ ಭಾಷೆಯಿಂದ ತಲೆ ನೋಯುತ್ತದೆ, ಒಂದು ಗಂಟೆ ಮಲಗಿ ಎದ್ದು ಬರುತ್ತೇನೆ" ಎಂದು ಒಂದು ಸಲ ಹೇಳಿ, ಹೇಳಿದ ಹಾಗೆ ಒಂದು ಗಂಟೆಯ ನಂತರ ಎದ್ದು ಬಂದರೆ ಸಾಕು.

ತಟ್ಟೆಯ ವಿಷಯಕ್ಕೆ ಬಂದರೆ, "ಸಹಾಯ ಮಾಡಲೇ?" ಎಂದು ಕೇಳಿದರೆ ನೂರಕ್ಕೆ ತೊಂಬತ್ತು ತಾಯಂದಿರು ಬೇಡ ಎಂದೇ ಹೇಳುತ್ತಾರೆ, ಏಕೆಂದರೆ ಅದು ಅತಿಥಿ ಕೇಳುವ ಪ್ರಶ್ನೆ. "ಈ ಮನೆಯಲ್ಲಿ ನನ್ನ ಕೆಲಸ ಯಾವುದು?" ಎಂದು ಕೇಳಿ. ಆಗ ಅವರು ಯೋಚಿಸಿ ಒಂದು ಕೆಲಸ ವಹಿಸುತ್ತಾರೆ, ಅದು ವರ್ಷವಿಡೀ ನಿಮ್ಮದಾಗಿರುತ್ತದೆ, ಮತ್ತೆ ಪ್ರತಿದಿನ ಅಪ್ಪಣೆ ಕೇಳುವ ಗೋಜಿರುವುದಿಲ್ಲ.

ಪ್ರಶ್ನಾರ್ಥಕ:
ಕ್ಷಮಿಸಿ ಮೇಡಂ, ಇದನ್ನು ಒಪ್ಪುವುದು ನನಗೆ ಕಷ್ಟ. ಓದಲು ಹೋದ ಹುಡುಗಿ ತಾನಾಗಿಯೇ "ನನ್ನ ಕೆಲಸ ಯಾವುದು" ಎಂದು ಕೇಳಿಕೊಂಡು ಹೋಗಬೇಕೆಂದರೆ, ಅವಳನ್ನು ಮನೆಗೆಲಸಕ್ಕೆ ಹಚ್ಚುವುದಕ್ಕೂ ಇದಕ್ಕೂ ವ್ಯತ್ಯಾಸವೇನು? ಅವಳ ತಂದೆತಾಯಿ ಕಾರ್ಯಕ್ರಮಕ್ಕೆ ಸಾಕಷ್ಟು ಹಣ ಕಟ್ಟಿಯೇ ಕಳುಹಿಸಿರುತ್ತಾರೆ. ಅದರಲ್ಲಿ ಆ ಕುಟುಂಬಕ್ಕೂ ಪಾಲು ಹೋಗುತ್ತದೆ ಎಂದು ನಾನು ಕೇಳಿದ್ದೇನೆ.

ಸಂಯೋಜಕ:
ಈ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ಹಲವು ವರ್ಷಗಳಿಂದ ಸ್ವಯಂಸೇವಕನಾಗಿ ವಿನಿಮಯ ವಿದ್ಯಾರ್ಥಿಗಳ ಮತ್ತು ಕುಟುಂಬಗಳ ನಡುವೆ ಕೆಲಸ ಮಾಡುತ್ತಿದ್ದೇನೆ.

ವಾಸಕ್ಕೆ ಹಣ ಪಡೆಯುವ ಮನೆಗಳೂ ಇವೆ. ಭಾಷಾ ಶಾಲೆಗಳ ಮೂಲಕ ಹೋಗುವವರು ಸಾಮಾನ್ಯವಾಗಿ ಅಂಥ ಮನೆಗಳಲ್ಲಿ ಇರುತ್ತಾರೆ. ಆದರೆ ಎ.ಎಫ್.ಎಸ್. (ಅಮೆರಿಕನ್ ಫೀಲ್ಡ್ ಸರ್ವಿಸ್), ವೈ.ಎಫ್.ಯು. (ಯೂತ್ ಫಾರ್ ಅಂಡರ್‌ಸ್ಟ್ಯಾಂಡಿಂಗ್), ರೋಟರಿಯಂಥ ಹಳೆಯ ವಿನಿಮಯ ಕಾರ್ಯಕ್ರಮಗಳು ನಿಂತಿರುವುದೇ ಸ್ವಯಂಪ್ರೇರಿತ ಆತಿಥ್ಯದ ಮೇಲೆ. ಅಮೆರಿಕದಲ್ಲಿ ಜೆ-1 ಎಂಬ ವಿನಿಮಯ ವೀಸಾದಡಿ ಬರುವ ಪ್ರೌಢಶಾಲಾ ವಿನಿಮಯ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವ ಕುಟುಂಬಕ್ಕೆ ಸಂಬಳವಿಲ್ಲ. ಷರತ್ತುಗಳನ್ನು ಪೂರೈಸಿದರೆ ವಿದ್ಯಾರ್ಥಿ ಮನೆಯಲ್ಲಿರುವ ಪ್ರತಿ ಪೂರ್ಣ ತಿಂಗಳಿಗೆ 50 ಡಾಲರ್‌ವರೆಗಿನ ಖರ್ಚನ್ನು ದಾನವೆಂದು ತೆರಿಗೆ ಲೆಕ್ಕದಲ್ಲಿ ತೋರಿಸಬಹುದು, ಅಷ್ಟೇ. ಯಾರೂ ಲಾಭಕ್ಕಾಗಿ ಇದನ್ನು ಮಾಡುವುದಿಲ್ಲ ಎಂಬುದು ಆ ಮೊತ್ತದಿಂದಲೇ ಗೊತ್ತಾಗುತ್ತದೆ.

ಮನೆಗೆಲಸದ ಪ್ರಶ್ನೆ ನ್ಯಾಯವಾದದ್ದೇ. ಒಂದು ಕುಟುಂಬದ ಜೊತೆ ಇದ್ದು, ಮಕ್ಕಳನ್ನು ನೋಡಿಕೊಂಡು, ಕೈಖರ್ಚಿನ ಹಣ ಪಡೆಯುವ ಪದ್ಧತಿ ಬೇರೆಯೇ ಇದೆ, ಅದಕ್ಕೆ ಓ ಪೇರ್ ಎನ್ನುತ್ತಾರೆ. ಯುರೋಪಿನ ದೇಶಗಳು 1969ರಲ್ಲಿ ಅದಕ್ಕಾಗಿಯೇ ಒಂದು ಒಪ್ಪಂದ ಮಾಡಿಕೊಂಡು, ಕೆಲಸ ಸಾಮಾನ್ಯವಾಗಿ ದಿನಕ್ಕೆ ಐದು ಗಂಟೆ ಮೀರಬಾರದೆಂದು ಬರೆದವು. ವಿನಿಮಯ ವಿದ್ಯಾರ್ಥಿಗೆ ಈ ಲೆಕ್ಕ ಅನ್ವಯಿಸುವುದೇ ಇಲ್ಲ. ಅವಳಿಗಿರುವ ಅಳತೆಗೋಲು ಒಂದೇ: ಆ ಮನೆಯ ಸ್ವಂತ ಮಕ್ಕಳು ಏನು ಮಾಡುತ್ತಾರೋ ಅಷ್ಟು. ಹದಿಮೂರರ ಹುಡುಗಿ ತನ್ನ ಬಟ್ಟೆ ತಾನೇ ಒಗೆದುಕೊಂಡರೆ ಇವಳೂ ಒಗೆದುಕೊಳ್ಳಲಿ. ಅವಳು ಶಾಲೆಗೆ ಹೋಗಿರುವಾಗ ಇವಳೊಬ್ಬಳೇ ಮನೆ ಪೂರ್ತಿ ಗುಡಿಸುತ್ತಿದ್ದರೆ ಅಥವಾ ಪ್ರತಿ ಸಂಜೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಇವಳದೇ ಆದರೆ, ಆಗ ನನಗೆ ಫೋನ್ ಬರಬೇಕು.

ಇನ್ನು ಚಾಡಿಯ ಮಾತು. ಸಂಯೋಜಕರು ಇರುವುದೇ ಇಂಥ ಅನುಮಾನಗಳನ್ನು ಕೇಳುವುದಕ್ಕೆ. ನಾನು ಮೇಲೆ ಹೇಳಿದ ಜೆ-1 ನಿಯಮಗಳಲ್ಲಿ ಸ್ಥಳೀಯ ಸಂಯೋಜಕರು ಪ್ರತಿ ತಿಂಗಳೂ ವಿದ್ಯಾರ್ಥಿಯನ್ನೂ ಕುಟುಂಬವನ್ನೂ ಸಂಪರ್ಕಿಸಲೇಬೇಕು ಎಂದಿದೆ. ತನ್ನ ಮನೆಯಲ್ಲಿ ಇಟ್ಟುಕೊಂಡ ವಿದ್ಯಾರ್ಥಿಗೆ ತಾನೇ ಮೇಲ್ವಿಚಾರಕನಾಗುವಂತಿಲ್ಲ ಎಂದೂ ಇದೆ. ವಿದ್ಯಾರ್ಥಿಗೆ ಮನೆಯ ಹೊರಗೆ ಮಾತಾಡಲು ಒಬ್ಬರಾದರೂ ಇರಬೇಕು ಎಂಬ ಕಾರಣಕ್ಕೇ ಈ ವ್ಯವಸ್ಥೆ. ನನ್ನ ಅನುಭವದಲ್ಲಿ ಎರಡನೇ ತಿಂಗಳಿನಲ್ಲಿ ಬಂದ ಫೋನುಗಳು ಒಂದು ಸಂಜೆಯ ಮಾತುಕತೆಯಲ್ಲಿ ಮುಗಿದಿವೆ, ಆರನೇ ತಿಂಗಳಿನಲ್ಲಿ ಬಂದವು ಮನೆ ಬದಲಾವಣೆಯಲ್ಲಿ ಮುಗಿದಿವೆ.

ಪ್ರಶ್ನಾರ್ಥಕ:
ಹಣದ ವಿಷಯದಲ್ಲಿ ತಾವು ಹೇಳಿದ್ದನ್ನು ಒಪ್ಪಿದೆ. ಆದರೂ ಒಂದು ಮಾತು ಉಳಿಯುತ್ತದೆ. ಹಣ ಪಡೆಯದವರ ಮನೆಯಲ್ಲಿ ಇರುವ ಹುಡುಗಿಗೆ ಋಣದ ಭಾರ ಇನ್ನೂ ಹೆಚ್ಚು. ದುಡ್ಡು ಕೊಟ್ಟು ಇದ್ದಿದ್ದರೆ ಅವಳು ಸಂಕೋಚವಿಲ್ಲದೆ ತನಗೆ ಬೇಕಾದ್ದನ್ನು ಕೇಳುತ್ತಿದ್ದಳು.

ಹೊಸ್ತಿಲು:
ಕೇಳುತ್ತಿದ್ದಳು ನಿಜ, ಆದರೆ ನಾವು ಅವಳಿಗೆ ಕೊಡುತ್ತಿದ್ದದ್ದು ಕೋಣೆ ಮತ್ತು ಊಟ ಮಾತ್ರ ಆಗಿರುತ್ತಿತ್ತು.

ಓದುಗ:
ಇದಕ್ಕೆ ಶಾಸ್ತ್ರೀಯವಾದ ವಿವರಣೆಯೇ ಇದೆ. ಮಾನವಶಾಸ್ತ್ರಜ್ಞ ಕಲರ್ವೊ ಒಬರ್ಗ್ ಅವರು 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸಂಸ್ಕೃತಿ ಆಘಾತದ, ಅಂದರೆ ಪರದೇಶದ ಬದುಕಿಗೆ ಹೊಂದಿಕೊಳ್ಳುವಾಗಿನ ತಳಮಳದ, ಹಂತಗಳನ್ನು ವಿವರಿಸಿದ್ದಾರೆ: ಮೊದಲು ಎಲ್ಲವೂ ಚೆಂದ ಕಾಣುವ ಮಧುಚಂದ್ರದ ಹಂತ, ನಂತರ ಎಲ್ಲವೂ ತಪ್ಪಾಗಿ ಕಾಣುವ ಹಂತ, ಆಮೇಲೆ ನಿಧಾನವಾಗಿ ಚೇತರಿಕೆ. ಅದಕ್ಕೂ ಮುಂಚೆ, 1955ರಲ್ಲಿ ನಾರ್ವೆಯ ಸ್ವೆರ್ರೆ ಲಿಸ್ಗಾರ್ಡ್ ಅವರು ಹೊಂದಾಣಿಕೆಯ ಏರಿಳಿತ ಯು ಅಕ್ಷರದ ಆಕಾರದಲ್ಲಿ ಸಾಗುತ್ತದೆ ಎಂದು ತೋರಿಸಿದ್ದರು. ತಂಗಿ ಈಗ ಆ ಇಳಿಜಾರಿನಲ್ಲಿದ್ದಾಳೆ, ತಾನಾಗಿಯೇ ಮೇಲೆ ಬರುತ್ತಾಳೆ. ಯಾರ ಜೊತೆಯೂ ಚರ್ಚಿಸುವ ಅಗತ್ಯವಿಲ್ಲ.

ತರ್ಕಪ್ರಿಯೆ:
ಓದುಗರೇ, ಲಿಸ್ಗಾರ್ಡ್ ಅವರ ಅಧ್ಯಯನವನ್ನು ಇನ್ನೊಮ್ಮೆ ನೋಡಿ. ಅವರು ಮಾತಾಡಿಸಿದ್ದು ಫುಲ್‌ಬ್ರೈಟ್ ಎಂಬ ಅಮೆರಿಕ ಸರ್ಕಾರದ ವಿದ್ವತ್ ವಿನಿಮಯ ಅನುದಾನದಲ್ಲಿ ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯವರನ್ನು. ಅಪರಿಚಿತರ ಮನೆಯಲ್ಲಿ ಮಗಳಾಗಿ ಇರಬೇಕಾದ ಹದಿಹರೆಯದವರನ್ನಲ್ಲ. ಅವರ ಪ್ರಕಾರ ಆರು ತಿಂಗಳಿಗಿಂತ ಕಡಿಮೆ ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು, ಆರರಿಂದ ಹದಿನೆಂಟು ತಿಂಗಳು ಇದ್ದವರಿಗೆ ಕಷ್ಟವಾಗಿತ್ತು, ಅದಕ್ಕಿಂತ ಹೆಚ್ಚು ಇದ್ದವರು ಮತ್ತೆ ಚೆನ್ನಾಗಿದ್ದರು. ಆ ಲೆಕ್ಕದಲ್ಲಿ ಎರಡನೇ ತಿಂಗಳಿನಲ್ಲಿರುವ ಈ ಹುಡುಗಿ ಪರಮ ಸುಖದಲ್ಲಿ ಇರಬೇಕಿತ್ತು, ಒಂದು ವರ್ಷ ಮುಗಿಸಿ ಹೊರಡುವ ವಿನಿಮಯ ವಿದ್ಯಾರ್ಥಿ ಯಾವನೂ ಆ ಹಳ್ಳದಿಂದ ಮೇಲೆ ಬರಲೇಬಾರದು. ಇನ್ನೊಂದು ಸಂಗತಿ, ಅವರು ಒಬ್ಬರನ್ನೇ ತಿಂಗಳುಗಟ್ಟಲೆ ಹಿಂಬಾಲಿಸಿ ನೋಡಲಿಲ್ಲ. ಬೇರೆ ಬೇರೆ ಅವಧಿಗೆ ಇದ್ದ ಬೇರೆ ಬೇರೆ ಜನರನ್ನು ಪಕ್ಕಪಕ್ಕ ಇಟ್ಟು ನೋಡಿದರು. ನಂತರದ ಸಂಶೋಧಕರು ಈ ರೇಖೆಯನ್ನು ಸಾಕಷ್ಟು ಪ್ರಶ್ನಿಸಿದ್ದಾರೆ.

ನನ್ನ ಆಕ್ಷೇಪ ಲೆಕ್ಕದ ಬಗ್ಗೆ ಮಾತ್ರವಲ್ಲ. "ಇದೊಂದು ಹಂತ, ದಾಟಿಹೋಗುತ್ತದೆ" ಎಂದು ಹೇಳಿದಾಗ ಕೇಳುವವರಿಗೆ ಸಮಾಧಾನವಾಗುತ್ತದೆ, ಆದರೆ ಬೆಳಿಗ್ಗೆ ಸ್ನಾನದ ಕೋಣೆಗೆ ಯಾರು ಮೊದಲು ಹೋಗಬೇಕು, ರಾತ್ರಿ ಎಷ್ಟು ಹೊತ್ತಿನ ಮೇಲೆ ಸದ್ದು ಮಾಡಬಾರದು ಎಂಬುದನ್ನು ಯಾವ ರೇಖೆಯೂ ಹೇಳುವುದಿಲ್ಲ. ಮನಸ್ತಾಪಗಳು ಹುಟ್ಟುವುದು ಅಲ್ಲಿ.

ಓದುಗ:
ಹದಿನೆಂಟು ತಿಂಗಳಿನ ಮಾತು ಸರಿ, ಒಪ್ಪುತ್ತೇನೆ. ಆದರೆ ಮೊದಲು ಉತ್ಸಾಹ, ನಂತರ ಬೇಸರ ಎಂಬುದನ್ನು ಇಲ್ಲಿರುವ ಅರ್ಧ ಜನ ಅನುಭವಿಸಿಲ್ಲವೇ? ಹೆಸರು ಏನಾದರೂ ಇರಲಿ.

ನೇರಮಾತು:
ಸ್ನಾನದ ಕೋಣೆಯ ಮಾತು ಬಂದದ್ದು ಒಳ್ಳೆಯದಾಯಿತು. ನಾನಿದ್ದ ಮನೆಯಲ್ಲಿ ಬೆಳಿಗ್ಗೆ ಏಳರಿಂದ ಏಳೂಕಾಲರವರೆಗೆ ಅದು ತಂದೆಯವರದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿದ್ದರಿಂದಲೇ ಯಾರೂ ನನಗೆ ಹೇಳಿರಲಿಲ್ಲ.

ಹೊಸ ಹೆಜ್ಜೆ:
ಎಲ್ಲರಿಗೂ ಧನ್ಯವಾದ. ಇಷ್ಟು ಬೇಗ ಇಷ್ಟೊಂದು ಉತ್ತರಗಳು ಬರುತ್ತವೆ ಎಂದುಕೊಂಡಿರಲಿಲ್ಲ. ಒಂದು ಸೇರಿಸುತ್ತೇನೆ: ಬಂದ ದಿನವೇ ಅವರು "ಇದು ನಿನ್ನದೇ ಮನೆ, ಏನು ಬೇಕಾದರೂ ತೆಗೆದುಕೋ, ನಮ್ಮಲ್ಲಿ ನಿಯಮಗಳೇ ಇಲ್ಲ" ಎಂದಿದ್ದರು. ಹಾಗಿದ್ದ ಮೇಲೆ ನಿಯಮಗಳ ಬಗ್ಗೆ ಕೇಳಿದರೆ ಅವರನ್ನು ನಂಬಲಿಲ್ಲವೆಂದು ಆಗುವುದಿಲ್ಲವೇ?

ಹಿಂದಿರುಗಿದವ:
ನಿಯಮಗಳೇ ಇಲ್ಲದ ಮನೆ ಎಂಬುದು ಭೂಮಿಯ ಮೇಲೆ ಇಲ್ಲ. ಹಾಗೆ ಹೇಳುವ ಮನೆಯಲ್ಲಿ ನಿಯಮಗಳು ಎಷ್ಟು ಹಳೆಯವಾಗಿರುತ್ತವೆ ಎಂದರೆ ಮನೆಯವರಿಗೇ ಅವು ಕಾಣುವುದನ್ನು ನಿಲ್ಲಿಸಿರುತ್ತವೆ. ನಮ್ಮ ಓರಿಯೆಂಟೇಶನ್‌ನಲ್ಲಿ ಪ್ರಶ್ನೆಗಳ ಒಂದು ಹಾಳೆ ಕೊಟ್ಟಿದ್ದರು. ಮೊದಲ ವಾರದಲ್ಲೇ ಅದನ್ನು ಹಿಡಿದುಕೊಂಡು ಕುಟುಂಬದ ಜೊತೆ ಕೂರಬೇಕು ಎಂಬುದು ಸೂಚನೆ. ನಾನು ನಿಮ್ಮನ್ನು ಏನೆಂದು ಕರೆಯಲಿ, ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತೀರಾ ಅಥವಾ ನಾನೇ ಏಳಬೇಕೇ, ಬಟ್ಟೆ ಒಗೆಯುವ ಯಂತ್ರವನ್ನು ಯಾವಾಗ ಬಳಸಬಹುದು, ಫ್ರಿಜ್‌ನಲ್ಲಿರುವುದರಲ್ಲಿ ಕೇಳದೆ ತೆಗೆದುಕೊಳ್ಳಬಾರದ್ದು ಏನು, ಗೆಳೆಯರನ್ನು ಕರೆತರಬಹುದೇ, ಕೋಣೆಯ ಬಾಗಿಲು ಹಾಕಿಕೊಂಡರೆ ನಿಮ್ಮ ಮನೆಯಲ್ಲಿ ಅದಕ್ಕೆ ಏನರ್ಥ — ಹೀಗೆ ಬಹಳ ಸಣ್ಣ ಸಂಗತಿಗಳು. ಹಾಳೆ ಹಿಡಿದು ಕೂರುವುದು ಮೊದಲು ನಾಟಕದಂತೆ ಕಾಣುತ್ತದೆ. ಆದರೆ "ಕಾರ್ಯಕ್ರಮದವರು ಕೇಳಲು ಹೇಳಿದ್ದಾರೆ" ಎಂದರೆ ಸಂಕೋಚದ ಹೊರೆ ಕಾರ್ಯಕ್ರಮದವರ ತಲೆಯ ಮೇಲೆ ಹೋಗುತ್ತದೆ, ನಿಮ್ಮ ಮೇಲೆ ಉಳಿಯುವುದಿಲ್ಲ. ಎರಡನೇ ತಿಂಗಳಿನಲ್ಲೂ ತಡವಾಗಿಲ್ಲ.

ಮನೆ ಬದಲಾವಣೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ನಾನು ಬದಲಾಯಿಸಿಕೊಂಡವನು. ನನ್ನ ಮೊದಲ ಕುಟುಂಬದವರು ಕೆಟ್ಟವರಲ್ಲ. ಅವರಿಗೆ ಒಬ್ಬನೇ ಮಗ, ಅವನಿಗೆ ಜೊತೆಗಾರ ಬೇಕೆಂದು ನನ್ನನ್ನು ಆರಿಸಿಕೊಂಡಿದ್ದರು, ಅವನಿಗೆ ಮಾತ್ರ ಅದು ಬೇಕಿರಲಿಲ್ಲ. ನಾನು ಅವನ ಜೊತೆ ಇದ್ದರೆ ಅವನಿಗೆ ಸಿಟ್ಟು, ಇರದಿದ್ದರೆ ತಂದೆತಾಯಿಗೆ ನಿರಾಸೆ. ಸಂಯೋಜಕರು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದರು, ಕೆಲವು ವಾರ ಪ್ರಯತ್ನಿಸೋಣ ಎಂದರು, ಪ್ರಯತ್ನಿಸಿದೆವು, ಆಗಲಿಲ್ಲ. ಹೊಸ ಮನೆಯಲ್ಲಿ ನಾನು ಸುಖವಾಗಿದ್ದೆ. ಆದರೆ ಅಲ್ಲಿಯೂ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು, ಅದೇ ಶಾಲೆಯಲ್ಲಿ ಹಳೆಯ ಮನೆಯ ಹುಡುಗನನ್ನು ದಿನವೂ ಎದುರಿಸಬೇಕಾಯಿತು. ನಿಮ್ಮ ಬರಹದಲ್ಲಿ ಮನೆ ಬಿಡುವಂಥ ಕಾರಣ ನನಗೆ ಒಂದೂ ಕಾಣಲಿಲ್ಲ.

ಸಂಯೋಜಕ:
ಹಿಂದಿರುಗಿದವರ ಮಾತಿಗೆ ಒಂದು ಪೂರಕ. ಮನೆ ಬದಲಾದರೆ ಯಾರೋ ಸೋತರು ಎಂದು ಭಾವಿಸಬೇಕಾಗಿಲ್ಲ. ರೋಟರಿಯ ದೀರ್ಘಾವಧಿ ವಿನಿಮಯದಲ್ಲಿ ವಿದ್ಯಾರ್ಥಿ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಕುಟುಂಬಗಳ ಜೊತೆ ಇರುವುದು ಯೋಜನೆಯ ಭಾಗವೇ ಆಗಿರುತ್ತದೆ. ಅಲ್ಲಿ ಹುಡುಗರು ಚೀಲ ಕಟ್ಟಿಕೊಂಡು ಮುಂದಿನ ಮನೆಗೆ ನಡೆಯುವುದನ್ನು ಯಾರೂ ಅವಮಾನವೆಂದುಕೊಳ್ಳುವುದಿಲ್ಲ.

ಸೂಕ್ಷ್ಮದರ್ಶಕ:
ಇಷ್ಟು ಜನ ಬರೆದರೂ ಮೂಲ ಬರಹದ ಒಂದು ಸಾಲನ್ನು ಯಾರೂ ಗಮನಿಸಿಲ್ಲವೆಂದು ಆಶ್ಚರ್ಯವಾಗುತ್ತಿದೆ. "ಮಗಳ ಕೋಣೆಯನ್ನು ನನಗೆ ಕೊಟ್ಟಿದ್ದಾರೆ." ಹಾಗಾದರೆ ಆ ಹದಿಮೂರರ ಹುಡುಗಿ ಈಗ ಎಲ್ಲಿ ಮಲಗುತ್ತಾಳೆ?

ಹೊಸ ಹೆಜ್ಜೆ:
ತಾಯಿ ಕೆಲಸ ಮಾಡುತ್ತಿದ್ದ ಸಣ್ಣ ಕೋಣೆಗೆ ಅವಳ ಮಂಚ ಹೋಗಿದೆ. ತಾಯಿಯ ಮೇಜು ಈಗ ನಡುಮನೆಯ ಮೂಲೆಯಲ್ಲಿದೆ. ಹುಡುಗಿಯ ಬಟ್ಟೆಗಳಲ್ಲಿ ಅರ್ಧ ಇನ್ನೂ ನನ್ನ ಕೋಣೆಯ ಕಪಾಟಿನಲ್ಲೇ ಇವೆ, ಬೇಕಾದಾಗ ಬಂದು ಬಾಗಿಲು ತಟ್ಟುತ್ತಾಳೆ. ನಾನು ಮಲಗಿದ್ದರೆ ಹಾಗೇ ಹೋಗಿಬಿಡುತ್ತಾಳೆ ಎಂದು ಅವಳ ಅಣ್ಣ ಒಮ್ಮೆ ಹೇಳಿದ್ದ.

ಸೂಕ್ಷ್ಮದರ್ಶಕ:
ಉತ್ತರ ಅಲ್ಲೇ ಇದೆಯಲ್ಲ! ನೀವು ಬಾಗಿಲು ಹಾಕಿಕೊಂಡಾಗ ಒಬ್ಬಳಿಗೆ ತನ್ನ ಕಪಾಟು ಸಿಗುವುದಿಲ್ಲ, ಇನ್ನೊಬ್ಬರಿಗೆ ಸಂಜೆ ಕೆಲಸ ಮಾಡಲು ಶಾಂತವಾದ ಜಾಗವಿಲ್ಲ. ಆತಿಥೇಯ ತಾಯಿಯ ಮೌನಕ್ಕೆ ನಾವೆಲ್ಲ ಮನಶ್ಶಾಸ್ತ್ರದ ಕಾರಣ ಹುಡುಕುತ್ತಿದ್ದೇವೆ, ಅವರು ನಡುಮನೆಯಲ್ಲಿ ಟಿವಿ ಸದ್ದಿನ ನಡುವೆ ಕಚೇರಿಯ ಕೆಲಸ ಮಾಡುತ್ತಿದ್ದಾರೆ. ಕಪಾಟನ್ನು ಹೇಗೆ ಹಂಚಿಕೊಳ್ಳೋಣ ಎಂದು ಆ ಹುಡುಗಿಯನ್ನೇ ಕೇಳಿ. ಅವಳು ಕೋಣೆ ಬಿಟ್ಟುಕೊಡುವಾಗ ಅವಳ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದರೋ ಇಲ್ಲವೋ.

ಹೊಸ್ತಿಲು:
ಇದು ನನಗೆ ಹೊಳೆಯಲೇ ಇಲ್ಲ ನೋಡಿ, ಹೊಳೆಯಬೇಕಾಗಿತ್ತು. ವಿದ್ಯಾರ್ಥಿಯನ್ನು ಕರೆತರುವ ನಿರ್ಧಾರ ಮಾಡುವವರು ದೊಡ್ಡವರು, ಜಾಗ ಬಿಟ್ಟುಕೊಡುವವರು ಮಕ್ಕಳು. ನಮ್ಮ ಮನೆಯಲ್ಲಿಯೂ ಮಕ್ಕಳ ನಡುವೆ ನಡೆದ ತಕರಾರುಗಳು ಹೆಚ್ಚಾಗಿ ಜಾಗದ್ದು ಮತ್ತು ತಾಯಿಯ ಸಮಯದ್ದು.

ಅಮ್ಮನ ಕಡೆಯಿಂದ:
ನಾನು ಇನ್ನೊಂದು ತುದಿಯಲ್ಲಿರುವವಳು. ನನ್ನ ಮಗ ವಿನಿಮಯ ವಿದ್ಯಾರ್ಥಿಯಾಗಿ ಹೋಗಿದ್ದಾನೆ. ಅವನ ಜೊತೆ ದಿನವೂ ಸಂಜೆ ವಿಡಿಯೋ ಕರೆಯಲ್ಲಿ ಮಾತಾಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಈಗ ಇಲ್ಲಿ ಓದಿದ ಮೇಲೆ ಅವನ ಆತಿಥೇಯ ಮನೆಯವರು ಏನೆಂದುಕೊಳ್ಳುತ್ತಿದ್ದಾರೋ ಎಂಬ ಚಿಂತೆ ಹತ್ತಿದೆ. ಹೆತ್ತ ತಾಯಿ ಮಗನ ಜೊತೆ ಮಾತಾಡುವುದಕ್ಕೂ ಲೆಕ್ಕ ಇಡಬೇಕೇ?

ತರ್ಕಪ್ರಿಯೆ:
ಲೆಕ್ಕ ಇಡಲೇಬೇಕು, ಅಮ್ಮಾ. ದಿನವೂ ಸಂಜೆ ಎಂದರೆ ಆ ಮನೆಯವರೆಲ್ಲ ಒಟ್ಟಿಗೆ ಸಿಗುವ ಹೊತ್ತು. ಅಷ್ಟು ಹೊತ್ತೂ ಅವನು ತನ್ನ ಭಾಷೆಯಲ್ಲಿ, ತನ್ನ ಮನೆಯ ಸುದ್ದಿಯನ್ನು ಮಾತಾಡುತ್ತಾ ಕೂತರೆ ಅವನ ದೇಹ ಮಾತ್ರ ಅಲ್ಲಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಸಣ್ಣ ಬೇಸರವನ್ನೂ ಅವನು ನಿಮಗೆ ಹೇಳಿ ಹಗುರಾಗುತ್ತಾನೆ. ಹಗುರಾದ ಮೇಲೆ ಅದನ್ನು ಅಲ್ಲಿನವರಿಗೆ ಹೇಳುವ ಅಗತ್ಯ ಅವನಿಗೆ ಬೀಳುವುದಿಲ್ಲ. ನೀವು ಇಲ್ಲಿಂದ ಏನೂ ಸರಿಪಡಿಸಲಾರಿರಿ. ಅವನು ಮರುದಿನ ಮರೆತಿರುತ್ತಾನೆ, ನೀವು ವಾರವಿಡೀ ಕೊರಗುತ್ತೀರಿ.

ಅಮ್ಮನ ಕಡೆಯಿಂದ:
ಮಾತು ಖಾರವಾಗಿದೆ, ಆದರೂ ಕೊನೆಯ ವಾಕ್ಯ ನಿಜ. ಹೋದ ತಿಂಗಳು ಅವನು ಶಾಲೆಯಲ್ಲಿ ಒಬ್ಬನೇ ಊಟ ಮಾಡಿದೆ ಎಂದಿದ್ದ. ನಾನು ಮೂರು ದಿನ ಅದನ್ನೇ ಯೋಚಿಸಿ ಕೇಳಿದರೆ ಅವನಿಗೆ ನೆನಪೇ ಇರಲಿಲ್ಲ. ಆದರೆ ಪೂರ್ತಿ ಬಿಡಲು ಸಾಧ್ಯವಿಲ್ಲ, ನಮಗೂ ನೆಮ್ಮದಿ ಬೇಡವೇ?

ಹಿಂದಿರುಗಿದವ:
ಪೂರ್ತಿ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ವಾರಕ್ಕೊಮ್ಮೆ, ಆ ಮನೆಯವರಿಗೆ ಅಡ್ಡಿಯಾಗದ ಹೊತ್ತಿನಲ್ಲಿ ಮಾತಾಡಿ. ನಡುವೆ ಒಂದೆರಡು ಸಾಲಿನ ಸಂದೇಶ ಸಾಕು. ಆಗಾಗ ಅವನ ಆತಿಥೇಯ ತಂದೆತಾಯಿಯನ್ನೂ ಕರೆಗೆ ಸೇರಿಸಿಕೊಂಡು ನಮಸ್ಕಾರ ಹೇಳಿ. ನಮ್ಮ ಮನೆಯವರು ಹಾಗೆ ಮಾಡಿದ ಮೇಲೆ ನನ್ನ ಹೊಸ ಕುಟುಂಬದವರಿಗೆ ನಾನು ಯಾರ ಮಗ ಎಂಬುದು ತಿಳಿಯಿತು.

ಎಚ್ಚರ:
ಇಲ್ಲಿ ಎಲ್ಲರೂ ಹೊಂದಿಕೊಳ್ಳಿ, ಮಾತಾಡಿ ಎಂದು ಹೇಳುತ್ತಿದ್ದೀರಿ, ಈ ಪ್ರಸಂಗಕ್ಕೆ ಅದು ಸರಿಯೇ. ಆದರೆ ಇದನ್ನು ಬೇರೆ ವಿದ್ಯಾರ್ಥಿಗಳೂ ಓದುತ್ತಾರೆ, ಆದ್ದರಿಂದ ಹೊಂದಿಕೊಳ್ಳಬಾರದ ಸಂಗತಿಗಳನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಮನೆಯ ಯಾರಾದರೂ ಮೈಮುಟ್ಟಿ ಮುಜುಗರ ಪಡಿಸಿದರೆ, ನೀವು ಬಟ್ಟೆ ಬದಲಿಸುವಾಗ ಅಥವಾ ಮಲಗಿರುವಾಗ ಕೋಣೆಗೆ ನುಗ್ಗಿದರೆ, ಪಾಸ್‌ಪೋರ್ಟ್ ಅಥವಾ ಫೋನ್ ಕಿತ್ತಿಟ್ಟುಕೊಂಡರೆ, ಹೊಟ್ಟೆಗೆ ಸರಿಯಾಗಿ ಹಾಕದಿದ್ದರೆ, "ಹೊರಗೆ ಹೇಳಿದರೆ ವಾಪಸ್ ಕಳುಹಿಸುತ್ತೇವೆ" ಎಂದು ಹೆದರಿಸಿದರೆ, ಅದು ಸಂಸ್ಕೃತಿಯ ವ್ಯತ್ಯಾಸವಲ್ಲ. ಆ ಮನೆಯವರ ಜೊತೆ ಕೂತು ಮಾತಾಡುವ ಅಗತ್ಯವೂ ಇಲ್ಲ. ಅದೇ ದಿನ ಸಂಯೋಜಕರಿಗೆ, ಅವರು ಸಿಗದಿದ್ದರೆ ಕಾರ್ಯಕ್ರಮದ ತುರ್ತು ಸಂಖ್ಯೆಗೆ, ಅದೂ ಆಗದಿದ್ದರೆ ಶಾಲೆಯ ಶಿಕ್ಷಕರಿಗೆ ಅಥವಾ ಪೊಲೀಸರಿಗೆ ಹೇಳಿ.

ಅಮೆರಿಕದ ಜೆ-1 ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಒಂದು ಗುರುತಿನ ಚೀಟಿ ಕೊಡಬೇಕು, ಅದರಲ್ಲಿ ಸಂಯೋಜಕರ ಸಂಖ್ಯೆಯ ಜೊತೆಗೆ ಅಲ್ಲಿನ ವಿದೇಶಾಂಗ ಇಲಾಖೆಯ ಶುಲ್ಕರಹಿತ ತುರ್ತು ಸಂಖ್ಯೆಯೂ ಇರಬೇಕು ಎಂಬ ನಿಯಮವಿದೆ. ಮನೆಯಲ್ಲಿರುವ ಹದಿನೆಂಟು ವರ್ಷ ಮೇಲ್ಪಟ್ಟ ಪ್ರತಿಯೊಬ್ಬರ ಅಪರಾಧ ಹಿನ್ನೆಲೆಯನ್ನೂ ಮೊದಲೇ ಪರಿಶೀಲಿಸಬೇಕು. ಬೇರೆ ದೇಶಗಳಲ್ಲಿ ವ್ಯವಸ್ಥೆ ಬೇರೆ ಇರಬಹುದು, ಆದರೆ ತುರ್ತು ಸಂಖ್ಯೆಯನ್ನು ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.

ಸಂಯೋಜಕ:
ಎಚ್ಚರ ಅವರ ಪ್ರತಿ ಮಾತಿಗೂ ನನ್ನ ಸಹಮತವಿದೆ. ಇಂಥ ಸಂದರ್ಭದಲ್ಲಿ ಮೊದಲು ವಿದ್ಯಾರ್ಥಿಯನ್ನು ಆ ಮನೆಯಿಂದ ಹೊರತರಬೇಕು, ವಿಚಾರಣೆ ಆಮೇಲೆ.

ಪ್ರಶ್ನಾರ್ಥಕ:
ಖರ್ಚಿನ ವಿಷಯ ಯಾರೂ ಎತ್ತಲಿಲ್ಲ. ಕುಟುಂಬ ಹೊರಗೆ ಊಟಕ್ಕೆ ಹೋದಾಗ ಬಿಲ್ ಬಂದರೆ ವಿದ್ಯಾರ್ಥಿ ಏನು ಮಾಡಬೇಕು?

ಹೊಸ್ತಿಲು:
ಮನೆಯೂಟ, ಹಾಸಿಗೆ, ದಿನನಿತ್ಯದ ಓಡಾಟ ನಮ್ಮದು. ಬಟ್ಟೆ, ಫೋನ್, ಸೋಪು ಶಾಂಪೂ, ಶಾಲಾ ಪ್ರವಾಸ, ಗೆಳೆಯರ ಜೊತೆಗಿನ ಸುತ್ತಾಟ ವಿದ್ಯಾರ್ಥಿಯದು ಎಂಬುದು ಸಾಮಾನ್ಯವಾದ ಹಂಚಿಕೆ. ಕುಟುಂಬದ ಜೊತೆ ಹೊರಗೆ ಮಾಡುವ ಊಟ ಮಾತ್ರ ಎಲ್ಲ ಕಡೆ ಗೊಂದಲವೇ. ನಾವು ಕರೆದರೆ ನಾವೇ ಕೊಡುತ್ತೇವೆ, ಆದರೆ ಕೊಡಲು ಸಿದ್ಧಳಾಗಿ ಬಂದಿದ್ದಾಳೆ ಎಂದು ಕಂಡರೆ ಸಂತೋಷವಾಗುತ್ತದೆ. ಸಾಲ ಕೊಡುವುದು, ತೆಗೆದುಕೊಳ್ಳುವುದು ಎರಡೂ ಬೇಡ, ಸಣ್ಣ ಮೊತ್ತವಾದರೂ.

ಓದುಗ:
ಚರ್ಚೆ ಇಲ್ಲಿಗೆ ಬಂದಿರುವುದರಿಂದ ಸ್ವಲ್ಪ ಇತಿಹಾಸ ಹೇಳಲು ಅನುಮತಿ ಕೊಡಿ, ಈ ಸಲ ಲೆಕ್ಕ ತಪ್ಪುವುದಿಲ್ಲ. ಎ.ಎಫ್.ಎಸ್. ಮೊದಲು ಹುಟ್ಟಿದ್ದು ಯುದ್ಧಭೂಮಿಯಿಂದ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ಸ್ವಯಂಸೇವಕರ ಪಡೆಯಾಗಿ. ಎರಡು ಮಹಾಯುದ್ಧಗಳಲ್ಲಿ ಆ ಕೆಲಸ ಮಾಡಿದವರು, ಎರಡನೆಯದು ಮುಗಿದ ಮೇಲೆ, 1947ರಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳ ವಿನಿಮಯ ಆರಂಭಿಸಿದರು. ವೈ.ಎಫ್.ಯು. ಕೂಡ ಹಾಗೆಯೇ, 1951ರಲ್ಲಿ ಜರ್ಮನಿಯ ಹದಿಹರೆಯದವರನ್ನು ಅಮೆರಿಕದ ಮಿಷಿಗನ್‌ನ ಕುಟುಂಬಗಳ ಜೊತೆ ಇರಿಸುವುದರಿಂದ ಅದು ಶುರುವಾಯಿತು. ಕೆಲವೇ ವರ್ಷಗಳ ಹಿಂದೆ ಒಬ್ಬರಿಗೊಬ್ಬರು ಶತ್ರುಗಳಾಗಿದ್ದ ದೇಶಗಳ ಮಕ್ಕಳನ್ನು ಹಾಸ್ಟೆಲಿನಲ್ಲಿ ಇಡದೆ ಮನೆಗಳಲ್ಲಿ ಇಟ್ಟರು. ಹಾಸ್ಟೆಲಿನಲ್ಲಿ ಇಟ್ಟಿದ್ದರೆ ಖರ್ಚು, ತಲೆನೋವು ಎರಡೂ ಕಡಿಮೆಯಾಗುತ್ತಿತ್ತೇನೋ. ಕಪಾಟು, ಬಾಗಿಲು, ಸ್ನಾನದ ಕೋಣೆಗಳ ಜಗಳ ಈ ವ್ಯವಸ್ಥೆಯೊಳಗೆ ಮೊದಲಿನಿಂದಲೂ ಇರುವಂಥದ್ದು.

ನೇರಮಾತು:
ಓದುಗರು ಈ ಸಲ ಗೆದ್ದರು.

ಹೊಸ ಹೆಜ್ಜೆ:
ಒಂದು ವಾರದ ನಂತರ ಬರೆಯುತ್ತಿದ್ದೇನೆ. ಹಾಳೆ ಹಿಡಿದು ಕೂರಲು ಧೈರ್ಯ ಬರಲಿಲ್ಲ, ಆದರೆ ಭಾನುವಾರ ಬೆಳಿಗ್ಗೆ ಆತಿಥೇಯ ತಾಯಿ ಒಬ್ಬರೇ ಇದ್ದಾಗ "ಈ ಮನೆಯಲ್ಲಿ ನನ್ನ ಕೆಲಸ ಯಾವುದು" ಎಂದು ಕೇಳಿದೆ. ಅವರು ನಕ್ಕುಬಿಟ್ಟರು. ಪಾತ್ರೆ ತೊಳೆಯುವ ಯಂತ್ರದಲ್ಲಿ ತಟ್ಟೆಗಳನ್ನು ಜೋಡಿಸಲು ಅವರದೇ ಒಂದು ಕ್ರಮವಿದೆಯಂತೆ, ಗಂಡನಿಗೂ ಅದನ್ನು ಮುಟ್ಟಲು ಬಿಡುವುದಿಲ್ಲವಂತೆ, "ಬಿಡು" ಎನ್ನುತ್ತಿದ್ದದ್ದು ಅದಕ್ಕೆ. ಬೆಳಿಗ್ಗೆ ತೊಳೆದ ಪಾತ್ರೆಗಳನ್ನು ತೆಗೆದಿಡುವುದು ಮತ್ತು ಕಸದ ಡಬ್ಬಿ ಹೊರಗಿಡುವುದು ಈಗ ನನ್ನ ಕೆಲಸ.

ಮೇಜಿನ ವಿಷಯವನ್ನು ನಾನೇ ಎತ್ತಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ನಿಜ ಹೇಳಬೇಕೆಂದರೆ ಕಷ್ಟವಾಗುತ್ತಿದೆ, ಆದರೆ ನಿನಗೆ ಹೇಳಿದರೆ ನೊಂದುಕೊಳ್ಳುತ್ತೀಯೆಂದು ಸುಮ್ಮನಿದ್ದೆ ಎಂದರು. ವಾರದಲ್ಲಿ ಎರಡು ಸಂಜೆ ನಾನು ಶಾಲೆಯ ಗ್ರಂಥಾಲಯದಲ್ಲಿ ಓದಿ ಬರುತ್ತೇನೆ, ಆ ಹೊತ್ತಿನಲ್ಲಿ ಅವರು ನನ್ನ ಕೋಣೆಯಲ್ಲಿ ಕೆಲಸ ಮಾಡುತ್ತಾರೆ ಎಂದು ಮಾತಾಯಿತು. ಚಿಕ್ಕವಳ ಜೊತೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಕಪಾಟಿನ ಬಟ್ಟೆಗಳನ್ನು ಹೇಗೆ ಹಂಚಿಕೊಳ್ಳೋಣ ಎಂದು ಕೇಳಿದಾಗ ಭುಜ ಕುಣಿಸಿ ಹೋದಳು. ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಕಪಾಟಿನಲ್ಲಿ ತನಗೆ ಬೇಕಾದ ಎರಡು ಖಾನೆಗಳ ಮೇಲೆ ತನ್ನ ಹೆಸರಿನ ಚೀಟಿ ಅಂಟಿಸಿದ್ದಳು. ನನಗೆ ಉಳಿದದ್ದು ಒಂದು.

ಸೂಕ್ಷ್ಮದರ್ಶಕ:
ಒಂದೇ ಸಾಕು, ಒಪ್ಪಿಕೊಳ್ಳಿ. ಅವಳು ಚೌಕಾಶಿಗೆ ಇಳಿದಿದ್ದಾಳೆ ಎಂದರೆ ಮಾತುಕತೆ ಶುರುವಾಗಿದೆ.

ಪ್ರಶ್ನಾರ್ಥಕ:
ಕಸದ ಡಬ್ಬಿಯ ಬಗ್ಗೆ ನನ್ನ ಆಕ್ಷೇಪ ಹಾಗೇ ಇದೆ ಎಂಬುದನ್ನು ದಾಖಲಿಸುತ್ತೇನೆ.

ಹೊಸ್ತಿಲು:
ನಮ್ಮ ಮನೆಯಲ್ಲಿ ಅದು ನನ್ನ ಮಗನ ಕೆಲಸ. ಅವನೂ ದಿನಾ ಆಕ್ಷೇಪಿಸುತ್ತಾನೆ.

ಅಮ್ಮನ ಕಡೆಯಿಂದ:
ನಾನೂ ವರದಿ ಒಪ್ಪಿಸುತ್ತೇನೆ. ಇನ್ನು ಮೇಲೆ ಭಾನುವಾರ ಮಾತ್ರ ಕರೆ ಎಂದು ಮಗನಿಗೆ ತಿಳಿಸಿದೆ. ಅವನು ಬೇಸರ ಪಡುತ್ತಾನೆಂದು ಎರಡು ದಿನ ಮಾತು ಹೊಂದಿಸಿಕೊಂಡಿದ್ದೆ, ಅವನು "ಸರಿ ಅಮ್ಮ" ಎಂದು ಅಷ್ಟಕ್ಕೇ ಮುಗಿಸಿದ. ಆದರೆ ಭಾನುವಾರ ಅವನು ಮರೆತರೆ ಸೋಮವಾರ ನಾನೇ ಕರೆ ಮಾಡುತ್ತೇನೆ, ಅದಕ್ಕೆ ಯಾರೂ ಅಡ್ಡಿ ಹೇಳಬಾರದು.

ತರ್ಕಪ್ರಿಯೆ:
ಸೋಮವಾರಕ್ಕೆ ಅಡ್ಡಿಯಿಲ್ಲ. ಮಂಗಳವಾರಕ್ಕೆ ಇದೆ.